ಬ್ಯಾಟರಿಯಿಂದ ಒಂದು ಗೇಣು

ಭಾವ ಲಾರಿಯ ಬಾಗಿಲನ್ನು ಮೂರನೆಯ ಸಲ ಎಳೆದು ನೋಡಿದರು. ಮೊದಲ ಸಲ ಎಳೆದಾಗಲೇ ಅದು ಗಟ್ಟಿಯಾಗಿ ಕೂತಿತ್ತು. ಆ ಸದ್ದು ಶೆಡ್ಡಿನ ಒಳಗಿದ್ದ ಅವನಿಗೂ ಕೇಳಿಸಿತ್ತು. ಎರಡನೆಯ ಸಲ ಎಳೆದು, ನಾಲ್ಕು ಹೆಜ್ಜೆ ಇತ್ತ ಬಂದು, ಏನೋ ಮರೆತವರಂತೆ ನಿಂತು, ತಿರುಗಿ ಹೋಗಿ ಮತ್ತೆ ಎಳೆದರು. ಅವನು ಕಂಡೂ ಕಾಣದವನಂತೆ ಮೇಜಿನ ಮೇಲೆ ಬಗ್ಗಿ ಹೊಸ ಫ್ಯೂಸ್ ಬಾಕ್ಸಿನ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಇದ್ದ. ಅಂಗೈಯಗಲದ ಕಪ್ಪು ಪೆಟ್ಟಿಗೆ, ಒಳಗೆ ಆರು ಮನೆಗಳು, ಮೇಲೆ ಗಾಜಿನಂಥ ಮುಚ್ಚಳ. ಇಪ್ಪತ್ತೆಂಟು ವರ್ಷದಿಂದ ಲಾರಿಗಳ ವಯರಿಂಗ್ ಮಾಡುತ್ತ ಬಂದವನಿಗೆ ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಕಣ್ಣಿಗೆ ಏನಾದರೊಂದು ಕೆಲಸ ಬೇಕಾಗಿತ್ತು, ಅಷ್ಟೆ. ಭಾವ ಈಗ ಲಾರಿಯ ಮುಂದಿನಿಂದ ಸುತ್ತಿ ಬರುತ್ತಾರೆ, ದೀಪ ಆರಿದೆಯೇ ಎಂದು ಬಗ್ಗಿ ನೋಡುತ್ತಾರೆ ಎಂದುಕೊಂಡ. ಭಾವ ಸುತ್ತಿ ಬಂದರು, ಬಗ್ಗಿದರು. ಹಗಲು ಹನ್ನೊಂದು ಗಂಟೆಯ ಬಿಸಿಲಲ್ಲಿ ದೀಪದ ಗಾಜಿನ ಮೇಲೆ ಅಂಗೈ ಅಡ್ಡ ಹಿಡಿದು ಒಳಗೆ ದಿಟ್ಟಿಸಿದರು.

"ಭಾವ, ನೀವು ಬಾಗಿಲು ಹಾಕ್ಕೊಂಡು ಬಂದ್ರೆ ನಾನು ಒಳಗೆ ಹೋಗೋದು ಹೇಗೆ? ಕಿಟಕಿಯಿಂದ ಹಾರಲಾ?"

ಭಾವ ಬೀಗದ ಕೈಯನ್ನೂ ಅವನ ಮುಖವನ್ನೂ ನೋಡಿ ನಕ್ಕರು. "ಹೌದಲ್ಲ. ವಯಸ್ಸಾಯ್ತು ಕಣೋ," ಎಂದರು. ಆ ನಗು ಅವನಿಗೆ ಚುಚ್ಚಿತು. ತಮಾಷೆಗೆಂದು ಆಡಿದ ಮಾತು ಬಾಯಿ ಬಿಟ್ಟ ಮೇಲೆ ಬೇರೆಯಾಗಿಬಿಟ್ಟಿತ್ತು. ಒಂದು ಕಾಲಕ್ಕೆ ಇದೇ ಭಾವ ಇದೇ ಅಂಗಳಕ್ಕೆ ತಮ್ಮ ಸ್ವಂತ ಲಾರಿಯನ್ನು ಒಂದೇ ಏಟಿಗೆ ಹಿಂದಕ್ಕೆ ತಂದು, ಗೋಡೆಗೆ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿ, ಇಂಜಿನ್ ಪೂರ್ತಿ ನಿಲ್ಲುವ ಮೊದಲೇ ಕೆಳಗೆ ಹಾರುತ್ತಿದ್ದರು. ಬೀಗ ಹಾಕುತ್ತಿದ್ದರೋ ಇಲ್ಲವೋ, ಅದನ್ನು ಯಾರೂ ನೆನಪಿಟ್ಟುಕೊಂಡಿರಲಿಲ್ಲ. ನೆನಪಿಟ್ಟುಕೊಳ್ಳುವಂಥ ಸಂಗತಿಯೇ ಆಗಿರಲಿಲ್ಲ ಅದು.

ಇದು ಬೇರೆಯವರ ಲಾರಿ. ಕೆಲಸ ದೊಡ್ಡದಲ್ಲ. ಹಿಂದೆ ಯಾವನೋ ಕೈಯಾಡಿಸಿದವನು ಫ್ಯಾನು, ಹಿಂಭಾಗದ ಎರಡು ಹೆಚ್ಚಿನ ದೀಪ, ಫೋನ್ ಚಾರ್ಜರು, ಹಿಂದೆ ನೋಡುವ ಕ್ಯಾಮೆರಾ, ಎಲ್ಲವನ್ನೂ ತಂದು ಹಾರ್ನಿನ ಫ್ಯೂಸಿಗೆ ಗಂಟು ಹಾಕಿದ್ದ. ಫ್ಯಾನ್ ಹಾಕಿ ದೀಪ ಹಾಕಿದರೆ ಫ್ಯೂಸ್ ಹೋಗುತ್ತಿತ್ತು, ಜೊತೆಗೆ ಹಾರ್ನೂ ಸಾಯುತ್ತಿತ್ತು. "ಗಾಳಿ ಬೇಕಾದ್ರೆ ಬಾಯಲ್ಲೇ ಹಾರ್ನ್ ಹೊಡೀಬೇಕು," ಎಂದಿದ್ದರು ಭಾವ ಫೋನಿನಲ್ಲಿ. ಈ ಎಲ್ಲ ಗಂಟುಗಳನ್ನು ಬಿಚ್ಚಿ, ಬ್ಯಾಟರಿಯಿಂದ ನೇರವಾಗಿ ದಪ್ಪನೆಯ ಒಂದು ವಯರು ತಂದು, ಬೇರೆಯದೇ ಫ್ಯೂಸ್ ಬಾಕ್ಸು ಕೂರಿಸಿ, ಒಂದೊಂದು ವಸ್ತುವಿಗೂ ಅದರದರ ಫ್ಯೂಸು ಕೊಡಬೇಕು. ನಡುವೆ ಒಂದು ರಿಲೇ ಹಾಕಿದರೆ, ಕೀ ತೆಗೆದ ಕೂಡಲೇ ಎಲ್ಲವೂ ತಾನಾಗಿ ಆರಿಹೋಗುತ್ತದೆ. ರಿಲೇ ಬೇಕೆಂದು ಭಾವ ಕೇಳಿರಲಿಲ್ಲ. ಅದು ಅವನ ಯೋಚನೆ. ಎರಡು ದಿನದಿಂದ ಅವನ ತಲೆಯಲ್ಲಿ ಅದೇ ಓಡುತ್ತಿತ್ತು: ಭಾವ ಯಾವುದನ್ನು ಮರೆತರೂ ಏನೂ ಆಗಬಾರದು, ಅವರು ನೋಡಬೇಕಾದದ್ದು ಏನೂ ಉಳಿಯಬಾರದು.

ಕ್ಯಾಬಿನ್ನಿನ ಒಳಗೆ ಬಿಸಿ ರೆಕ್ಸಿನ್ನಿನ ವಾಸನೆ. ಅವನು ಡ್ಯಾಶಿನ ಕೆಳಗೆ ತಲೆ ತೂರಿಸಿ ಹಳೆಯ ಗಂಟುಗಳನ್ನು ಒಂದೊಂದಾಗಿ ಕತ್ತರಿಸುತ್ತಿದ್ದಾಗ ಭಾವ ಕೈಬ್ರೇಕನ್ನು ಒಮ್ಮೆ ಎಳೆದು ನೋಡಿ, ಪಕ್ಕದ ಸೀಟಿನಲ್ಲಿ ಕೂತು ಟಾರ್ಚು ಹಿಡಿದಿದ್ದರು. ಅವರ ಎಡ ಅಂಗೈಯ ಚರ್ಮ ನುಣುಪಾಗಿ, ಗೆರೆಗಳೇ ಇಲ್ಲದೆ ಹೊಳೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಟಾರ್ಚಿನ ಬೆಳಕು ಅಲುಗಿತು. ಭಾವ ಬಗ್ಗಿ ಸೀಟಿನ ಕೆಳಗೆ ಕೈ ಹಾಕಿ ತಡಕಾಡುತ್ತಿದ್ದರು. ಅಲ್ಲಿ ಒಂದು ಹಳೇ ಚಿಂದಿ ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ. ಅವರು ಏನನ್ನು ಹುಡುಕುತ್ತಿದ್ದಾರೆಂದು ಅವನಿಗೆ ಗೊತ್ತಿತ್ತು. ಅವರ ಸ್ವಂತ ಲಾರಿಯಲ್ಲಿ ಒಲೆ ಇರುತ್ತಿದ್ದ ಜಾಗ ಅದು. ಅಂಗೈಯಷ್ಟು ಬರ್ನರಿನ ಸಣ್ಣ ಗ್ಯಾಸ್ ಒಲೆ, ಅದರ ಮೇಲೆ ಹಿಡಿ ಮುರಿದ ಟೀ ಪಾತ್ರೆ. "ಇದರಲ್ಲಿ ಒಲೆ ಇಟ್ಟಿಲ್ಲ, ಇಡೋದೂ ಇಲ್ಲ," ಎಂದರು ಭಾವ, ಯಾರೋ ಕೇಳಿದ್ದಕ್ಕೆ ಉತ್ತರ ಕೊಡುವವರಂತೆ. ಕೈಯನ್ನು ಹೊರಗೆ ತೆಗೆದು ಮೂಸಿ ನೋಡಿಕೊಂಡರು.

ಬಾಗಿಲು, ಕೈಬ್ರೇಕು, ದೀಪ, ಇಲ್ಲದ ಒಲೆ. ನಾಲ್ಕು. ಅವನು ಎಣಿಸಬಾರದೆಂದುಕೊಂಡರೂ ಎಣಿಸಿದ.

ಮೂರೂವರೆ ವರ್ಷದ ಹಿಂದೆ ಇದೇ ಜಾಗದಲ್ಲಿ ಭಾವನ ಲಾರಿಗೆ ಅವನು ಮಾಡಿದ್ದೂ ಇದೇ ಕೆಲಸ. ಇಂಥದ್ದೇ ಪೆಟ್ಟಿಗೆ, ಇಂಥದ್ದೇ ಕೆಂಪು ದಪ್ಪ ವಯರು. ಆ ದಿನ ಭಾವ ಸೀಟಿನಲ್ಲಿ ಕಾಲು ಮಡಿಚಿ ಕೂತು ತಮ್ಮ ಪುಟ್ಟ ಒಲೆಯ ಮೇಲೆ ಅವನಿಗೇ ಟೀ ಕಾಸಿಕೊಡುತ್ತ, "ಮೇನ್ ಫ್ಯೂಸ್ ಮಾತ್ರ ನನ್ನ ಕೈಗೆ ಸಿಗೋ ಹಾಗಿರ್ಲಿ ಮಾರಾಯ," ಎಂದಿದ್ದರು. "ರಸ್ತೆ ಮಧ್ಯ ಹೋಯ್ತು ಅಂದ್ರೆ ನಾನು ಕೆಸರಲ್ಲಿ ಮಂಡಿ ಊರಿ ಬ್ಯಾಟರಿ ಡಬ್ಬಿ ಬಿಚ್ಚಬೇಕಾ? ಇಲ್ಲೇ ಸೀಟಿನ ಪಕ್ಕ ಕೂರಿಸು." ಎಲ್ಲ ಡ್ರೈವರುಗಳೂ ಕೇಳುವುದು ಅದನ್ನೇ. ಎಲ್ಲರಿಗೂ ಅವನು ಆಗುವುದಿಲ್ಲ ಎಂದು ಗದರಿಸುತ್ತಿದ್ದ. ಫ್ಯೂಸು ಕಾಯುವುದು ತನ್ನಿಂದ ಮುಂದಕ್ಕಿರುವ ವಯರನ್ನು, ಹಿಂದಿರುವುದನ್ನಲ್ಲ. ಆದ್ದರಿಂದ ಅದು ಬ್ಯಾಟರಿಯ ಮಗ್ಗುಲಲ್ಲೇ ಇರಬೇಕು, ಹೆಚ್ಚೆಂದರೆ ಒಂದು ಗೇಣು ದೂರ. ಕೆಲಸ ಕಲಿಯಲು ಬಂದ ಮೊದಲ ವಾರವೇ ಅವನ ಗುರು ಅವನ ಗೇಣನ್ನು ವಯರಿನ ಮೇಲೆ ಒತ್ತಿ ಹಿಡಿದು ಹೇಳಿಕೊಟ್ಟಿದ್ದು ಇದು. ಹೊರಗಿನವರಾಗಿದ್ದರೆ ಆ ದಿನವೂ ಗದರಿಸುತ್ತಿದ್ದ. ಆದರೆ ಬಾಯಲ್ಲಿ ಭಾವ ಕಾಸಿದ ಟೀ ಇತ್ತು. ಅಕ್ಕನ ಗಂಡ, ತನಗೆ ಶೆಡ್ಡು ಹಾಕಿಕೊಳ್ಳಲು ಜಾಗ ತೋರಿಸಿ, ಮೊದಲ ಹತ್ತು ಲಾರಿಗಳನ್ನು ಕೈಹಿಡಿದು ಕರೆತಂದವರು. ಅವರ ಒಂದು ಸಣ್ಣ ಆಸೆ. ಅವನು ಹ್ಞೂಂ ಎಂದುಬಿಟ್ಟ. ಮೇನ್ ಫ್ಯೂಸನ್ನು ಸೀಟಿನ ಪಕ್ಕ ಕೂರಿಸಿದ. ಬ್ಯಾಟರಿಯಿಂದ ಸೀಟಿನವರೆಗೆ ಎರಡು ಮಾರು ವಯರು ಕಾವಲಿಲ್ಲದೆ ಉಳಿಯಿತು. ಅದು ಕ್ಯಾಬಿನ್ನಿನ ತಗಡಿನ ತೂತಿನಲ್ಲಿ ಹಾದುಬರುವ ಕಡೆ ಅಂಚಿಗೆ ಉಜ್ಜದಂತೆ ರಬ್ಬರ್ ಬುಶ್ ಹಾಕಬೇಕಿತ್ತು. ಆ ಅಳತೆಯದು ಡಬ್ಬಿಯಲ್ಲಿ ಇರಲಿಲ್ಲ. ಟೇಪು ಸುತ್ತಿದ. ನಾಲ್ಕು ಸುತ್ತು ಸುತ್ತಿ, ಇನ್ನೊಂದು ಸುತ್ತು ಸುತ್ತಿದ. ಆ ಇನ್ನೊಂದು ಸುತ್ತು ಅವನಿಗೆ ಇವತ್ತಿಗೂ ನೆನಪಿದೆ. ಐದನೆಯ ಸುತ್ತು ಸುತ್ತುವಾಗ ಅವನಿಗೆ ಗೊತ್ತಿತ್ತು. ಗೊತ್ತಿಲ್ಲದವನು ನಾಲ್ಕಕ್ಕೇ ನಿಲ್ಲಿಸುತ್ತಾನೆ.

ಏಳು ತಿಂಗಳಿಗೆ ಲಾರಿ ಸುಟ್ಟಿತು. ರಸ್ತೆ ಬದಿ ನಿಲ್ಲಿಸಿ, ಟೀ ಕುಡಿದು, ಭಾವ ಪಾತ್ರೆ ತೊಳೆಯಲು ನಲ್ಲಿಯ ಹತ್ತಿರ ಹೋಗಿದ್ದರು. ತಿರುಗಿ ನೋಡುವಷ್ಟರಲ್ಲಿ ಕ್ಯಾಬಿನ್ನಿನ ಕಿಟಕಿಯಿಂದ ಹೊಗೆ. ಕಾಗದಪತ್ರ ಉಳಿಸಲೆಂದು ಓಡಿ ಬಾಗಿಲಿನ ಹಿಡಿಗೆ ಎಡಗೈ ಹಾಕಿದ್ದರು.

ಜೇಬಿನಲ್ಲಿ ಫೋನ್ ಗುಂಯ್ಗುಟ್ಟಿತು. ಅಕ್ಕ. ಅವನು ಡ್ಯಾಶಿನ ಕೆಳಗಿನಿಂದ ಜಾರಿ ಹೊರಬಂದು ಶೆಡ್ಡಿನ ಹಿಂಬದಿಗೆ ಹೋದ.

"ಅವರು ಅಲ್ಲೇ ಇದಾರಾ?"

"ಇದಾರೆ ಕಣಕ್ಕ. ಟಾರ್ಚ್ ಹಿಡ್ಕೊಂಡಿದಾರೆ."

"ಮೂರು ಗಂಟೆ ಒಳಗೆ ಕಳಿಸಿಬಿಡು. ಲೋಡ್ ಇದೆಯಂತೆ. ಹೋದ ವಾರ ಅರ್ಧ ದಾರಿಗೆ ಹೋದವರು ಕೈಬ್ರೇಕ್ ಹಾಕಿದ್ನೋ ಇಲ್ವೋ ಅಂತ ಹಿಂದಿನ ರಾತ್ರಿ ನಿಲ್ಲಿಸಿದ್ದ ಜಾಗಕ್ಕೆ ವಾಪಸ್ ಹೋಗಿ ನೋಡ್ಕೊಂಡು ಬಂದಿದಾರೆ. ಲಾರಿ ಓಡ್ತಾ ಇದೆ, ಅದರಲ್ಲೇ ಕೂತಿದಾರೆ, ಬ್ರೇಕ್ ಹಾಕಿದ್ನೋ ಇಲ್ವೋ ಅಂತ ಅನುಮಾನ! ನಗಬೇಕೋ ಅಳಬೇಕೋ ಹೇಳು. ಇನ್ನೊಂದು ಸಲ ತಡ ಆದ್ರೆ ಬೇರೆ ಡ್ರೈವರ್‌ನ ನೋಡ್ಕೋತೀನಿ ಅಂದಿದಾರಂತೆ ಅವರ ಯಜಮಾನರು."

ಶೆಡ್ಡಿನ ತಗಡಿಗೆ ಒರಗಿಸಿಟ್ಟ ಹಳೇ ಬ್ಯಾಟರಿಗಳ ಮೇಲೆ ಬಿಳಿ ಪುಡಿ ಹೂವಿನಂತೆ ಅರಳಿತ್ತು.

"ನಿನ್ನೆ ಏನ್ಮಾಡಿದ್ರು ಗೊತ್ತಾ? ಒಲೆ ಆರಿಸಿದೀನಿ ಅಂತ ಚೀಟೀಲಿ ನನ್ನ ಕೈಲಿ ಬರೆಸ್ಕೊಂಡು ಜೇಬಲ್ಲಿ ಇಟ್ಕೊಂಡು ಮಲಗಿದ್ರು. ಮೂವತ್ತು ವರ್ಷ ಸಂಸಾರ ಮಾಡಿ ನಾನು ಗಂಡನಿಗೆ ಬರೆದ ಮೊದಲನೇ ಕಾಗದ ಕಣೋ ಅದು." ಅಕ್ಕ ನಕ್ಕಳು, ನಗು ಅರ್ಧಕ್ಕೇ ನಿಂತಿತು. "ನೀನು ಹಾಕಿದ ಗೆರೆ ದಾಟಲ್ಲ ಅವರು. ನನ್ನ ಮಾತು ಅಂದ್ರೆ ಗಾಳಿ. ನೀನೇ ಏನಾದ್ರೂ ಹೇಳು."

"ಏನು ಹೇಳ್ಲಿ?"

"ಏನಾದ್ರೂ. ಹೋಗಿದ್ದು ಹೋಯ್ತು, ಯಾರಿಗಾದ್ರೂ ಆಗೋದೇ ಅಂತ. ನಿನಗೆ ಹೇಳಿಕೊಡಬೇಕಾ?"

ವಾಪಸ್ ಬಂದಾಗ ಭಾವ ಟಾರ್ಚನ್ನು ಹಿಡಿದ ಜಾಗದಲ್ಲೇ ಹಿಡಿದುಕೊಂಡಿದ್ದರು, ಅವನು ಇಲ್ಲದ ಕತ್ತಲಿಗೆ ಬೆಳಕು ಬಿಡುತ್ತ. ಅವನು ಪೆಟ್ಟಿಗೆ ಕೂರಿಸುವ ಜಾಗದಲ್ಲಿ ನಾಲ್ಕು ತೂತು ಕೊರೆದ. ಅರ್ತಿಂಗ್ ಕೊಡಲು ಕ್ಯಾಬಿನ್ನಿನ ಮೂಲೆಯ ಬಣ್ಣವನ್ನು ಉಜ್ಜಿ ತೆಗೆದು ಬೆಳ್ಳಗೆ ಹೊಳೆಯುವ ಲೋಹವನ್ನು ಹೊರಗೆ ತಂದ. ಈ ಕೆಲಸ ಅವನಿಗೆ ಯಾವಾಗಲೂ ಇಷ್ಟ. ಎಷ್ಟು ಕೊಳೆಯಾದ ಲಾರಿಯಲ್ಲೂ ಬಣ್ಣದ ಕೆಳಗೆ ಇಷ್ಟಗಲ ಶುದ್ಧ ಜಾಗ ಸಿಕ್ಕೇ ಸಿಗುತ್ತದೆ. ಇವತ್ತು ಆ ಹೊಳಪು ಕಣ್ಣಿಗೆ ಚುಚ್ಚಿತು. ಆ ಅಧಿಕಾರಿಯ ಅಂಗಿ ಹೀಗೇ ಬೆಳ್ಳಗಿತ್ತು. ವಿಮೆಯವರು ಕಳಿಸಿದ್ದ ಮನುಷ್ಯ. ಮೂಗಿಗೆ ಕರವಸ್ತ್ರ ಹಿಡಿದು ಸುಟ್ಟ ಲಾರಿಯನ್ನು ಒಂದು ಸುತ್ತು ಬಂದು, ಕರಿಕಾದ ಒಲೆಯನ್ನು ಬೂಟಿನ ತುದಿಯಿಂದ ಸರಿಸಿ, "ಆರಿಸಿ ಇಳಿದಿದ್ರಾ?" ಎಂದು ಕೇಳಿದ್ದ. ಭಾವ ಕೈಗೆ ಬ್ಯಾಂಡೇಜು ಸುತ್ತಿಕೊಂಡು, "ಆರಿಸಿದೆ ಅನ್ಸುತ್ತೆ ಸರ್," ಎಂದಿದ್ದರು. ಅಧಿಕಾರಿ ತಲೆಯೆತ್ತಿ, "ಅನ್ಸುತ್ತೋ, ಆರಿಸಿದ್ರೋ?" ಎಂದ. ಭಾವ ಸುಟ್ಟ ಒಲೆಯನ್ನೇ ನೋಡುತ್ತ ನಿಂತರು, ಅದು ಏನಾದರೂ ಹೇಳೀತೆಂಬಂತೆ. ಆಮೇಲೆ ಅಧಿಕಾರಿ ಇವನ ಕಡೆ ತಿರುಗಿದ. ವಯರಿಂಗ್ ಮಾಡಿದ್ದು ಯಾರು? ನಾನು ಸರ್. ಸರಿ ಇತ್ತಾ? ಅವನು ಬಾಯಿ ತೆರೆದ. ಆ ಬಾಯಿಂದ ಏನು ಬರುತ್ತಿತ್ತೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಅಷ್ಟರಲ್ಲಿ ಭಾವ ಮುಂದೆ ಬಂದು ಹೇಳಿಬಿಟ್ಟರು: "ಅವನ ಕೆಲಸ ಕಣ್ಣು ಮುಚ್ಚಿ ನಂಬಬಹುದು ಸರ್. ಅದರಲ್ಲಿ ಎರಡು ಮಾತಿಲ್ಲ." ಅಧಿಕಾರಿ ಬರೆದುಕೊಂಡ. ಚಾಲಕನ ಅಜಾಗರೂಕತೆ. ಅವನು ತೆರೆದ ಬಾಯಿಯನ್ನು ಮುಚ್ಚಿದ. ಅವರಿಬ್ಬರೂ ಮಾತಾಡುತ್ತ ಆಚೆ ಹೋದಾಗ ಒಳಗೆ ಬಗ್ಗಿ, ತಗಡಿನ ತೂತಿನ ಹತ್ತಿರ ವಯರನ್ನು ಕಟ್ಟರಿನಿಂದ ಕತ್ತರಿಸಿ ಜೇಬಿಗೆ ಹಾಕಿಕೊಂಡ. ಯಾಕೆ ಕತ್ತರಿಸಿದ? ಯಾರಿಗೂ ಸಿಗಬಾರದೆಂದೋ, ತನ್ನ ಹತ್ತಿರ ಇರಲೆಂದೋ? ಎರಡೂ ಇರಬಹುದು. ಅದು ಈಗಲೂ ಮೇಜಿನ ಕೆಳಗಿನ ಖಾನೆಯಲ್ಲಿ ಬಿಸ್ಕತ್ತಿನ ಡಬ್ಬಿಯಲ್ಲಿದೆ. ಬೆಂಕಿಯಲ್ಲಿ ಬೆಂದ ತಾಮ್ರ ಕಪ್ಪಾಗಿ ಸೊರಗುತ್ತದೆ. ಕರೆಂಟು ಹರಿಯುತ್ತಿರುವಾಗಲೇ ಕಬ್ಬಿಣಕ್ಕೆ ತಾಗಿ ಕರಗಿದ ತಾಮ್ರ ಮಾತ್ರ ತುದಿಯಲ್ಲಿ ಗುಂಡಗೆ ಮಣಿಗಟ್ಟುತ್ತದೆ. ಆ ತುಂಡಿನ ತುದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಮಣಿ ಇದೆ.

ಒಳಗಿನ ಕೆಲಸ ಮುಗಿದು ಬ್ಯಾಟರಿಯ ಹತ್ತಿರ ಬಂದಾಗ ಒಂದೂವರೆ. ಲಾರಿಯ ಮಗ್ಗುಲಲ್ಲಿ, ಡೀಸೆಲ್ ಟ್ಯಾಂಕಿನ ಪಕ್ಕ, ನೆಲದಿಂದ ಮೊಳಕಾಲೆತ್ತರದಲ್ಲಿ ಬ್ಯಾಟರಿ ಡಬ್ಬಿ. ಮೊದಲೇ ಕಳಚಿಟ್ಟಿದ್ದ ನೆಗೆಟಿವ್ ವಯರನ್ನು ಬದಿಗೆ ಸರಿಸಿ, ಅವನು ಮಣ್ಣಿನಲ್ಲಿ ಚಕ್ಕಳಮಕ್ಕಳ ಕೂತು, ಕೆಂಪು ವಯರಿನ ತುದಿಗೆ ಲಗ್ ಎಂಬ ತಾಮ್ರದ ಬಳೆ ಒತ್ತಿ, ಮೇನ್ ಫ್ಯೂಸಿನ ಹೋಲ್ಡರನ್ನು ಡಬ್ಬಿಯ ಒಳಗೋಡೆಗೆ ಇಟ್ಟು ಗೇಣಿನಿಂದ ಅಳೆದ. ಹೆಬ್ಬೆರಳು ಬ್ಯಾಟರಿಯ ಮೇಲೆ, ಕಿರುಬೆರಳು ಫ್ಯೂಸಿನ ಮೇಲೆ. ಸರಿಯಾಗಿ ಒಂದು ಗೇಣು. ಕ್ಯಾಬಿನ್ನಿನ ತೂತಿಗೆ ಅಳತೆಯ ರಬ್ಬರ್ ಬುಶ್ಶು ಆಗಲೇ ಕೂರಿಸಿದ್ದ; ಅದನ್ನು ಹುಡುಕಿಕೊಂಡು ನಿನ್ನೆ ಮೂರು ಅಂಗಡಿ ತಿರುಗಿದ್ದ. ಪಕ್ಕದ ಶೆಡ್ಡಿನಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವವನು ಕೈಯಲ್ಲಿ ಮೂರು ಲೋಟ ಟೀ ಹಿಡಿದು ಬಂದ. ಅವನ ಹುಬ್ಬಿನ ಮೇಲೆಲ್ಲ ಹಸಿರು ಬಣ್ಣದ ಚುಕ್ಕೆ.

"ಏನ್ ಮೇಸ್ತ್ರಿ, ಭಾವನ ಲಾರಿ ಅಂತ ಬೆಣ್ಣೆ ಹಚ್ಚಿ ಮಾಡ್ತಿದೀಯ? ನಮ್ಮ ಗಾಡಿಗೆ ಹನ್ನೆರಡು ನಿಮಿಷದಲ್ಲಿ ಕೈ ತೊಳ್ಕೊಂಡೆ."

"ನಿನ್ನ ಗಾಡೀಲಿ ಹಾರ್ನ್ ಒಂದು ಬಿಟ್ಟು ಉಳಿದಿದ್ದೆಲ್ಲ ಸದ್ದು ಮಾಡುತ್ತೆ. ಅದಕ್ಕೆ ಹನ್ನೆರಡು ನಿಮಿಷವೇ ಹೆಚ್ಚು."

ಬಣ್ಣದವನು ಭಾವನ ಕಡೆ ತಿರುಗಿ, "ನಿಮ್ಮ ಭಾಮೈದನ ಬಾಯಿಗೊಂದು ಫ್ಯೂಸ್ ಹಾಕ್ಸಿ ಯಜಮಾನ್ರೇ," ಎಂದ. "ಆದ್ರೆ ಕೆಲಸ ಮಾತ್ರ ಹೇಳೋ ಹಾಗಿಲ್ಲ. ಇಷ್ಟು ವರ್ಷದಲ್ಲಿ ಇವನ ಕೈಲಾದ ಒಂದು ಗಾಡಿ ಶಾರ್ಟ್ ಆಗಿದ್ದು ನಾನು ಕೇಳಿಲ್ಲ."

"ನಾನೂ ಎಲ್ಲರಿಗೂ ಅದನ್ನೇ ಹೇಳೋದು," ಎಂದರು ಭಾವ. ಅವರ ಮುಖದಲ್ಲಿ ಬೆಳಗಿನಿಂದ ಇಲ್ಲದಿದ್ದ ಒಂದು ಬೆಳಕು ಬಂತು. ತನ್ನದೆಲ್ಲ ಹೋದ ಮೇಲೂ ತನ್ನ ಕಡೆಯವನೊಬ್ಬ ಸರಿಯಾಗಿದ್ದಾನೆ ಎಂಬ ಹೆಮ್ಮೆ. ಅವನು ತಲೆ ತಗ್ಗಿಸಿ ಸ್ಕ್ರೂ ಬಿಗಿ ಮಾಡಿದ. ಬಿಗಿಯಾದ ಮೇಲೂ ತಿರುಗಿಸಿದ.

ಬಣ್ಣದವನು ಹೋದ. ಭಾವ ಲೋಟ ಹಿಡಿದುಕೊಂಡೇ ಕುಕ್ಕರಗಾಲಲ್ಲಿ ಕೂತು ಡಬ್ಬಿಯೊಳಗೆ ಇಣುಕಿ, "ಮೇನ್ ಫ್ಯೂಸ್ ಇಲ್ಲಿ ಇಡ್ತಾ ಇದೀಯಾ?" ಎಂದು ಕೇಳಿದರು. "ನನ್ನ ಲಾರೀಲಿ ನೀನು ಸೀಟಿನ ಪಕ್ಕ ಇಟ್ಟಿದ್ದೆ."

ಇಷ್ಟು ಸಲೀಸಾಗಿ ಬಂತು ಮಾತು. ಮೂರು ವರ್ಷದಿಂದ ಅವನು ಎಷ್ಟೋ ದಾರಿ ಯೋಚಿಸಿದ್ದ: ಅಕ್ಕನ ಮನೆಯ ಜಗಲಿಯಲ್ಲಿ ಕೂತು ಹೇಳುವುದು, ಕಾಗದ ಬರೆಯುವುದು, ಎಲ್ಲೋ ದೂರ ಹೋಗಿ ಫೋನಿನಲ್ಲಿ ಹೇಳಿ ಸ್ವಿಚ್ ಆಫ್ ಮಾಡುವುದು. ಭಾವನೇ ಬಂದು ಬಾಗಿಲು ತೆರೆದು ನಿಲ್ಲುತ್ತಾರೆಂದು ಎಣಿಸಿರಲಿಲ್ಲ. "ಈಗೆಲ್ಲ ಇಲ್ಲೇ ಇಡೋದು," ಎಂದ ಮೊದಲು. ಹೇಳಿದ ಮೇಲೆ ತನ್ನ ದನಿ ತನಗೇ ಹೇಸಿಗೆಯಾಯಿತು. ಭಾವ ಆಯಿತೆಂದು ತಲೆಯಾಡಿಸಿ ಟೀ ಗುಟುಕರಿಸಿದರು. ಜೇಬಿನಿಂದ ಮಡಿಸಿದ ಚೀಟಿಯ ಅಂಚು ಇಣುಕುತ್ತಿತ್ತು. ಅಕ್ಕನ ಕೈಬರಹದ ಮೊದಲನೇ ಕಾಗದ.

"ಭಾವ, ನಿಮ್ಮ ಲಾರಿ ಒಲೆಯಿಂದ ಸುಟ್ಟಿದ್ದಲ್ಲ."

ಭಾವ ಲೋಟವನ್ನು ನೆಲದ ಮೇಲೆ ಇಟ್ಟರು. ಅಲುಗದಂತೆ ಮಣ್ಣಿಗೆ ಒತ್ತಿ ಇಟ್ಟರು. "ಮತ್ತೆ?"

"ನನ್ನ ವಯರಿಂದ. ಮೇನ್ ಫ್ಯೂಸ್ ಇಲ್ಲಿ ಇರಬೇಕಿತ್ತು. ಅಲ್ಲಿಟ್ಟಿದ್ದು ತಪ್ಪು. ನಡುವೆ ವಯರು ತಗಡಿಗೆ ಉಜ್ಜಿ ಉಜ್ಜಿ ಸಿಪ್ಪೆ ಹೋಗಿ ಶಾರ್ಟ್ ಆಗಿದೆ. ಕೀ ತೆಗೆದಿದ್ರೂ ಅದರಲ್ಲಿ ಕರೆಂಟ್ ಇರುತ್ತೆ. ನೀವು ಒಲೆ ಆರಿಸಿದ್ರಿ. ಖಂಡಿತ ಆರಿಸಿದ್ರಿ."

ಒಂದು ಗಳಿಗೆ ಭಾವ ಅವನನ್ನು ನೋಡಿದರು. ಆಮೇಲೆ ಅವರ ಮುಖ ಸಡಿಲವಾಗಿ ಮೆತ್ತಗಾಯಿತು. ಅವನು ಯಾವುದಕ್ಕೆಲ್ಲ ಸಿದ್ಧನಾಗಿದ್ದನೋ ಅದು ಯಾವುದೂ ಆ ಮುಖದಲ್ಲಿರಲಿಲ್ಲ.

"ನಿಮ್ಮಕ್ಕ ಫೋನ್ ಮಾಡಿದ್ಲಾ?"

"ಮಾಡಿದ್ಲು. ಅದಕ್ಕಲ್ಲ ಭಾವ."

"ಅದಕ್ಕೇ." ಅವರು ಅವನ ಮೊಣಕಾಲಿನ ಮೇಲೆ ತಟ್ಟಿದರು. "ಒಳ್ಳೇವನು ಕಣೋ ನೀನು. ಸುಳ್ಳು ಹೇಳೋಕೆ ಮಾತ್ರ ಬರಲ್ಲ ನಿಂಗೆ. ನನ್ನ ಸಮಾಧಾನಕ್ಕೆ ನಿನ್ನ ಕೆಲಸಕ್ಕೇ ಮಸಿ ಬಳ್ಕೋತೀಯ?"

ಅವನು ಎದ್ದು ಒಳಗೆ ಓಡಿದ. ಖಾನೆ ಎಳೆದ ರಭಸಕ್ಕೆ ಲಗ್ಗುಗಳ ಪೊಟ್ಟಣ ನೆಲಕ್ಕೆ ಬಿದ್ದು ಚೆಲ್ಲಿತು. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತುಕ್ಕು ಹಿಡಿದು ಬಿಗಿದಿತ್ತು, ಸ್ಕ್ರೂಡ್ರೈವರ್ ಹಾಕಿ ಮೀಟಿದ. ಹಳೇ ಬಟ್ಟೆಯಲ್ಲಿ ಸುತ್ತಿದ್ದ ತುಂಡನ್ನು ತಂದು ಭಾವನ ಕೈಯಲ್ಲಿಟ್ಟ. ಎಡಗೈಯಲ್ಲಿ ಇಟ್ಟೆನಲ್ಲ ಎಂದು ಆಮೇಲೆ ಹೊಳೆಯಿತು. ಏನನ್ನೂ ಮುಟ್ಟಿ ತಿಳಿಯಲಾರದ ಆ ನುಣುಪು ಅಂಗೈಯ ಮೇಲೆ ಗೇಣುದ್ದದ ಕರಿ ವಯರು ಸತ್ತ ಹುಳದಂತೆ ಬಿದ್ದಿತ್ತು.

"ನಿಮ್ಮ ಲಾರೀದು. ತುದೀಲಿ ಆ ಮಣಿ ನೋಡಿ ಭಾವ. ಒಲೆ ಬೆಂಕಿಗೆ ಹಾಗಾಗಲ್ಲ. ಶಾರ್ಟ್ ಆದ್ರೆ ಮಾತ್ರ ಹಾಗಾಗೋದು."

ಭಾವ ಅದನ್ನು ಬಲಗೈಗೆ ತೆಗೆದುಕೊಂಡು, ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ತಿರುಗಿಸಿ ನೋಡಿದರು. "ಸುಟ್ಟ ಲಾರೀಲಿ ಸುಟ್ಟ ವಯರು ಇರದೆ ಇನ್ನೇನಿರುತ್ತೆ?" ಎಂದರು, ಬೇಸರವಿಲ್ಲದೆ. "ಮಣಿ ಇದೆ, ನೋಡ್ದೆ. ನನಗೇನು ಗೊತ್ತಾಗುತ್ತೆ ಇದರಲ್ಲಿ? ನೀನು ಹೀಗೆ ಅಂದ್ರೆ ಹೀಗೆ, ಹಾಗೆ ಅಂದ್ರೆ ಹಾಗೆ." ಅವನಿಗೆ ಕೂಗಬೇಕೆನಿಸಿತು. ಈ ಮಣಿಯನ್ನು ಓದಬಲ್ಲವರು ಈ ಸಾಲಿನ ಶೆಡ್ಡುಗಳಲ್ಲಿ ಮೂರೋ ನಾಲ್ಕೋ ಜನ. ಅದು ಮಾತಾಡುವುದು ಅವರ ಹತ್ತಿರ ಮಾತ್ರ. ಮೂರು ವರ್ಷ ಅವನು ಹೆದರಿ ಬಚ್ಚಿಟ್ಟಿದ್ದ ಸಾಕ್ಷಿ ಭಾವನ ಪಾಲಿಗೆ ಒಂದು ಚೂರು ಕಸ.

"ನಾನು ಒಲೆ ಆರಿಸಿರ್ಲಿಲ್ಲ," ಎಂದರು ಭಾವ. "ಮೊದಮೊದಲು ಅನುಮಾನ ಇತ್ತು. ಈಗ ಚೆನ್ನಾಗಿ ನೆನಪಿದೆ. ಟವೆಲ್ ಹೆಗಲಿಗೆ ಹಾಕ್ಕೊಂಡೆ, ಪಾತ್ರೆ ತಗೊಂಡೆ. ಇಳಿಯುವಾಗ ನೋಡ್ದೆ ಕಣೋ, ಉರೀತಾ ಇತ್ತು. ಸಣ್ಣಗೆ, ನೀಲಿ ಬಣ್ಣ. ಬಂದು ಆರಿಸಿದ್ರಾಯ್ತು ಅಂದ್ಕೊಂಡೆ."

ಮೊದಲ ದಿನ ಆಸ್ಪತ್ರೆಯಲ್ಲಿ ಭಾವ ಹೇಳಿದ ಕಥೆಯಲ್ಲಿ ಟವೆಲ್ ಇರಲಿಲ್ಲ. ಆರು ತಿಂಗಳಾದ ಮೇಲೆ ಟವೆಲ್ ಬಂತು. ನೀಲಿ ಉರಿ ಬಂದದ್ದು ಹೋದ ವರ್ಷ. 'ಬಂದು ಆರಿಸಿದ್ರಾಯ್ತು' ಎಂಬುದನ್ನು ಅವನು ಇವತ್ತೇ ಮೊದಲು ಕೇಳುತ್ತಿದ್ದ. ಅವನು ಬಾಯಿ ಮುಚ್ಚಿಕೊಂಡಿದ್ದ ಒಂದೊಂದು ದಿನವೂ ಭಾವ ಕೂತು ಒಂದೊಂದೇ ಇಟ್ಟಿಗೆ ಜೋಡಿಸಿದ್ದರು, ಈಗ ಗೋಡೆ ಎದ್ದು ನಿಂತಿತ್ತು. ಅದರ ಒಳಗೆ ಅವರು ಸುಖವಾಗಿರಲಿಲ್ಲ, ಆದರೆ ಅವರಿಗೆ ಇರಲು ಬೇರೆ ಮನೆಯೂ ಇರಲಿಲ್ಲ.

ಭಾವ ವಯರಿನ ತುಂಡನ್ನು ಬಟ್ಟೆಯಲ್ಲಿ ಸುತ್ತಿ ವಾಪಸ್ ಕೊಡಲು ಹೋದವರು ತಡೆದರು. "ಮೂರು ವರ್ಷ ಇಟ್ಕೊಂಡಿದ್ಯಾ ಇದನ್ನ?" ಎಂದು ಕೇಳಿದರು. ದನಿ ಸಣ್ಣದಾಗಿತ್ತು. ಪಕ್ಕದ ಶೆಡ್ಡಿನಲ್ಲಿ ಬಣ್ಣ ಹೊಡೆಯುವ ಯಂತ್ರ ಬುಸ್ಸೆಂದು ಶುರುವಾಗಿ ನಿಂತಿತು. ಭಾವ ಅವನ ಮುಖವನ್ನು ನೋಡಲಿಲ್ಲ. ಡಬ್ಬಿಯೊಳಗೆ, ಬ್ಯಾಟರಿಯ ಪಕ್ಕ ಹೊಸದಾಗಿ ಕೂತಿದ್ದ ಫ್ಯೂಸನ್ನು ನೋಡುತ್ತಿದ್ದರು. ಆಮೇಲೆ ಬಟ್ಟೆಯ ಗಂಟನ್ನು ಅವನ ಅಂಗಿಯ ಜೇಬಿಗೆ ತಾವೇ ಹಾಕಿ, ಮೇಲಿಂದ ಒತ್ತಿದರು.

"ನಿಮ್ಮಕ್ಕನಿಗೆ ಹೇಳ್ಬೇಡ," ಎಂದರು. "ಅವಳು ನಂಬಿಬಿಡ್ತಾಳೆ."

ಅವನಿಗೆ ನಿರಾಳವಾಯಿತು. ಅದನ್ನು ಅವನಿಂದ ತಡೆಯಲಾಗಲಿಲ್ಲ. ಹೇಳಿದ್ದಾಯಿತು, ನಂಬದಿದ್ದರೆ ತಾನೇನು ಮಾಡಲು ಸಾಧ್ಯ? ಆ ಯೋಚನೆ ತಲೆಯಲ್ಲಿ ಎಷ್ಟು ಬೇಗ ಸಿದ್ಧವಾಗಿ ನಿಂತಿತ್ತೆಂದರೆ, ಅದು ಬಹಳ ದಿನದಿಂದ ಅಲ್ಲೇ ಮೂಲೆಯಲ್ಲಿ ಕಾದು ಕೂತಿರಬೇಕು. ಮಣಿ ಓದಬಲ್ಲ ಆ ಮೂರ್ನಾಲ್ಕು ಜನರಲ್ಲಿ ಒಬ್ಬನನ್ನು ಕರೆದು ತೋರಿಸಿ ನಂಬಿಸಬಹುದಿತ್ತು. ಗುರು ಬದುಕಿದ್ದಾರೆ, ಅವರ ಮನೆಗೆ ಕರೆದುಕೊಂಡು ಹೋಗಬಹುದಿತ್ತು. ಅವನು ನೆಗೆಟಿವ್ ವಯರನ್ನು ತಿರುಗಿ ಹಾಕಿದ. ಡಬ್ಬಿಯ ಮುಚ್ಚಳ ಮುಚ್ಚಿ ಎರಡು ಬೋಲ್ಟುಗಳನ್ನೂ ಸ್ಪಾನರಿನಿಂದ ಬಿಗಿದ. ದಾರಿಯ ಕುಲುಕಾಟಕ್ಕೆ ಸಡಿಲವಾಗದಂತೆ ಮೈಯ ಭಾರವನ್ನೆಲ್ಲ ಹಾಕಿ ಬಿಗಿದ.

ಎಲ್ಲವೂ ಕೆಲಸ ಮಾಡಿತು. ಫ್ಯಾನು ತಿರುಗಿತು, ದೀಪ ಹತ್ತಿತು, ಹಾರ್ನು ಎರಡು ಸಲ ಕೂಗಿತು. ಭಾವ ಕೀ ತೆಗೆದ ಕೂಡಲೇ ಫ್ಯಾನು, ದೀಪ, ಕ್ಯಾಮೆರಾ ಎಲ್ಲ ಒಟ್ಟಿಗೆ ಆರಿದವು. "ನೋಡಿ ಭಾವ, ಕೀ ತೆಗೆದ್ರೆ ಮುಗೀತು. ಇನ್ನು ನೀವು ಏನೂ ನೋಡ್ಬೇಕಾಗಿಲ್ಲ," ಎಂದ. "ಚೆನ್ನಾಗಿದೆ ಕಣೋ," ಎಂದರು ಭಾವ. ಮೂರಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಲಾರಿ ಅಂಗಳದಲ್ಲಿ ಮೆಲ್ಲಗೆ ತಿರುಗಿ ಗೇಟಿನ ಕಡೆ ಹೋಯಿತು. ಅವನು ಚೆಲ್ಲಿದ್ದ ಲಗ್ಗುಗಳನ್ನು ನೆಲದಿಂದ ಆರಿಸುತ್ತ, ಇಂಜಿನ್ನಿನ ಸದ್ದು ದೂರವಾಗುವುದನ್ನು ಕಾಯುತ್ತಿದ್ದ.

ಸದ್ದು ದೂರವಾಗಲಿಲ್ಲ. ನಿಂತಿತು.

ಅವನು ಎದ್ದು ಬಾಗಿಲಿಗೆ ಬಂದ. ಗೇಟಿನ ಹತ್ತಿರ ಲಾರಿ ನಿಂತಿತ್ತು, ಭಾವ ಇಳಿಯುತ್ತಿದ್ದರು. ಬಾಗಿಲು ಎಳೆದು ನೋಡುತ್ತಾರೆ ಎಂದುಕೊಂಡ, ನೋಡಲಿಲ್ಲ. ಮುಂದಿನ ದೀಪದ ಕಡೆಗೂ ಹೋಗಲಿಲ್ಲ. ನೇರವಾಗಿ ಮಗ್ಗುಲಿಗೆ ಬಂದು, ಪಂಚೆಯನ್ನು ಎತ್ತಿ ಕಟ್ಟಿ, ಮಣ್ಣಿನಲ್ಲಿ ಮಂಡಿಯೂರಿ, ಬ್ಯಾಟರಿ ಡಬ್ಬಿಯ ಬೋಲ್ಟಿಗೆ ಬೆರಳು ಹಾಕಿದರು. ಇವತ್ತು ಬೆಳಗ್ಗೆಯವರೆಗೆ ನೋಡುವುದು ನಾಲ್ಕಿತ್ತು. ಅವನು ಒಂದು ಸೇರಿಸಿದ್ದ.

ಬೋಲ್ಟು ತಿರುಗಲಿಲ್ಲ. ಭಾವ ಎಡಗೈಯಲ್ಲಿ ಹಿಡಿದು ನೋಡಿದರು, ಬಲಗೈಯಲ್ಲಿ ಹಿಡಿದು ನೋಡಿದರು. ಆಮೇಲೆ ಎದ್ದು, ಕ್ಯಾಬಿನ್ನಿಗೆ ಹತ್ತಿ, ಸ್ಪಾನರ್ ಹುಡುಕತೊಡಗಿದರು. ಹಿಂದಿನಿಂದ ಯಾರದೋ ಗಾಡಿ ದಾರಿ ಬಿಡೆಂದು ಹಾರ್ನ್ ಹೊಡೆಯಿತು. ಅವನು ಕೈಯಲ್ಲಿದ್ದ ಲಗ್ಗುಗಳನ್ನು ಹಿಡಿದುಕೊಂಡು ಹಾಗೇ ನಿಂತಿದ್ದ. ತಾನು ಬಿಗಿದ ಆ ಎರಡು ಬೋಲ್ಟು ಬಿಚ್ಚಿ ಮತ್ತೆ ಹಾಕಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅವನಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.